ಮದುವೆ ಆಲ್ಬಂ ಡಿಸೈನ್ ಹೊರಗೆ ಕೊಡುವುದು ಹೇಗೆ: ಫೋಟೊಗ್ರಾಫರ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಮದುವೆ ಸೀಸನ್ನಿನಲ್ಲಿ ಫೋಟೊಗ್ರಾಫರ್ ಒಬ್ಬನೇ ಫೋಟೊ ತೆಗೆದು, ಆರಿಸಿ, ಬಣ್ಣ ತಿದ್ದಿ, ಆಲ್ಬಂ ಕೂಡ ತಾನೇ ಮಾಡುತ್ತೇನೆ ಅಂದರೆ ಆಗುವ ಮಾತಲ್ಲ. ವೈಶಾಖ, ಜ್ಯೇಷ್ಠದಲ್ಲಿ ಒಂದರ ಹಿಂದೆ ಒಂದು ಮದುವೆ ಬರುತ್ತವೆ. ಆಷಾಢ ಬರುವ ಹೊತ್ತಿಗೆ ಹಾರ್ಡ್ ಡಿಸ್ಕಿನಲ್ಲಿ ಮುಟ್ಟದ ಮದುವೆಗಳು ಸಾಲುಗಟ್ಟಿರುತ್ತವೆ, ಮನೆಯವರ ಫೋನ್ ಶುರುವಾಗಿರುತ್ತದೆ. ಹಾಗಾಗಿ ಬೆಂಗಳೂರಿನ ಸ್ಟುಡಿಯೊ ಇರಲಿ, ತಾಲ್ಲೂಕು ಕೇಂದ್ರದ ಸ್ಟುಡಿಯೊ ಇರಲಿ, ಆಲ್ಬಂ ಡಿಸೈನ್ ಹೊರಗೆ ಕೊಡುವುದು ಈಗ ಸಾಮಾನ್ಯ.

ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿರಬೇಕು. ಆ ಮದುವೆಯನ್ನು ಡಿಸೈನರ್ ನೋಡಿಲ್ಲ. ನೋಡಿರುವುದು ನೀವು. ಫೋಟೊದಲ್ಲಿ ಹಿಂದೆ ನಿಂತಿರುವ ವಯಸ್ಸಾದವರು ಹುಡುಗಿಯ ಅಜ್ಜಿಯೋ, ಛತ್ರದ ಕೆಲಸದವರೋ ಅವರಿಗೆ ಗೊತ್ತಾಗುವುದಿಲ್ಲ. ಯಾವ ಶಾಸ್ತ್ರ ಮೊದಲು, ಯಾವುದು ಆಮೇಲೆ ಅನ್ನುವುದೂ ಗೊತ್ತಾಗುವುದಿಲ್ಲ. ಹೊರಗೆ ಕೊಟ್ಟ ಆಲ್ಬಂ ಕೆಟ್ಟರೆ ಹೆಚ್ಚಿನ ಸಲ ಕಾರಣ ಡಿಸೈನರ್ ಕೈಚಳಕ ಕಡಿಮೆ ಎಂದಲ್ಲ. ಬೇಕಾದ ಮಾಹಿತಿ ಅವರಿಗೆ ತಲುಪಿರುವುದಿಲ್ಲ, ಅಷ್ಟೇ. ಈ ಬರಹದ ಬಹುಪಾಲು ಆ ಮಾಹಿತಿಯನ್ನು ತಲುಪಿಸುವುದರ ಬಗ್ಗೆಯೇ ಇದೆ.

ಡಿಸೈನರ್‌ನ ಆರಿಸುವುದು

ಕೆಲಸ ತುಂಬಿ ತುಳುಕುವಾಗ ಡಿಸೈನರ್ ಹುಡುಕಲು ಹೋಗಬೇಡಿ. ಆಗ ಎಲ್ಲರ ಕೈಯಲ್ಲೂ ಕೆಲಸ ಇರುತ್ತದೆ, ಸಿಕ್ಕವರಿಗೆ ಕೊಡಬೇಕಾಗುತ್ತದೆ. ಆಷಾಢದ ಕೊನೆಯಲ್ಲೋ ಧನುರ್ಮಾಸದಲ್ಲೋ ಸ್ವಲ್ಪ ಬಿಡುವಿದ್ದಾಗ ಹುಡುಕಿ, ಚಿಕ್ಕ ಕೆಲಸವೊಂದನ್ನು ಕೊಟ್ಟು ನೋಡಿ. ನಾಮಕರಣದ್ದೋ ಸೀಮಂತದ್ದೋ ಹತ್ತು ಶೀಟಿನ ಆಲ್ಬಂ ಆದರೆ ಸಾಕು.

ಮಾದರಿ ಕೇಳಿದಾಗ ಎಲ್ಲರೂ ತಮ್ಮ ಅತಿ ಚೆಂದದ ನಾಲ್ಕು ಶೀಟು ಕಳಿಸುತ್ತಾರೆ. ಅದನ್ನು ನೋಡಿ ತೀರ್ಮಾನ ಮಾಡಬೇಡಿ. ಒಂದು ಇಡೀ ಆಲ್ಬಂನ ಪಿಡಿಎಫ್ ತೋರಿಸಿ ಅನ್ನಿ. ಚೆಂದದ ಜೋಡಿ ಫೋಟೊ ಸಿಕ್ಕರೆ ಯಾರು ಬೇಕಾದರೂ ಒಂದು ಶೀಟು ಚೆನ್ನಾಗಿ ಮಾಡುತ್ತಾರೆ. ನಡುವಿನ ಶೀಟುಗಳನ್ನು ನೋಡಬೇಕು. ಬಂಧುಗಳ ಗುಂಪು ಫೋಟೊ, ಊಟದ ಪಂಕ್ತಿ, ವೇದಿಕೆಯ ಸಾಲು ಸಾಲು ಫೋಟೊಗಳನ್ನು ಹೇಗೆ ಜೋಡಿಸಿದ್ದಾರೆ ಅನ್ನುವುದರಲ್ಲಿ ಅವರ ಕೆಲಸ ಗೊತ್ತಾಗುತ್ತದೆ.

ಎರಡು ಬೇರೆ ಬೇರೆ ಮದುವೆಯ ಆಲ್ಬಂ ಕೇಳಿ, ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಅದೇ ಅರಮನೆ ಹಿನ್ನೆಲೆ, ಅದೇ ಗುಲಾಬಿ, ಅದೇ ಇಂಗ್ಲಿಷ್ ಪ್ರೇಮವಾಕ್ಯ ಇದ್ದರೆ ಅವರು ರೆಡಿಮೇಡ್ ಪಿಎಸ್‌ಡಿ (ಫೋಟೊಶಾಪ್ ಫೈಲು) ಟೆಂಪ್ಲೇಟಿಗೆ ಫೋಟೊ ತುಂಬುತ್ತಿದ್ದಾರೆ ಎಂದರ್ಥ. ಟೆಂಪ್ಲೇಟ್ ಕೆಲಸವೇ ತಪ್ಪು ಅಂತ ನಾನು ಹೇಳುವುದಿಲ್ಲ. ಕಡಿಮೆ ಬಜೆಟ್ಟಿನ ಆಲ್ಬಂಗೆ ಅದು ಸಾಕಾಗಬಹುದು. ಆದರೆ ಅದಕ್ಕೆ ಟೆಂಪ್ಲೇಟ್ ದರ ಕೊಡಿ. ಕಸ್ಟಮ್ ಡಿಸೈನ್ ಎಂದರೆ ಆ ಮದುವೆಯ ಫೋಟೊ ನೋಡಿ, ಅದಕ್ಕೆ ತಕ್ಕ ಹಾಗೆ ಶೀಟು ಕಟ್ಟುವುದು. ಅದರ ದರ ಬೇರೆ, ಹಿಡಿಯುವ ಸಮಯವೂ ಬೇರೆ.

ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಎಂದೂ ಕೇಳಿ. ಫೋಟೊಶಾಪ್ ಎಲ್ಲರ ಬಳಿಯೂ ಇರುತ್ತದೆ. ಫಂಡಿ ಡಿಸೈನರ್, ಸ್ಮಾರ್ಟ್‌ಆಲ್ಬಮ್ಸ್‌ನಂಥ ಆಲ್ಬಂ ಸಾಫ್ಟ್‌ವೇರ್‌ಗಳು ಸರಳ, ಬಿಳಿ ಜಾಗ ಜಾಸ್ತಿ ಇರುವ ಶೈಲಿಗೆ ಬೇಗ ಕೆಲಸ ಮುಗಿಸುತ್ತವೆ. ನಿಮಗೆ ಯಾವ ಶೈಲಿ ಬೇಕೋ ಅದಕ್ಕೆ ಕೈ ಪಳಗಿದವರನ್ನು ಹಿಡಿಯಿರಿ.

ದರ ಮತ್ತು ಷರತ್ತು

ಈ ಕೆಲಸದಲ್ಲಿ ಲೆಕ್ಕ ಶೀಟಿನ ಮೇಲೆ ನಡೆಯುತ್ತದೆ. ಒಂದು ಶೀಟು ಎಂದರೆ ಎದುರುಬದುರಿನ ಎರಡು ಪುಟ. 12×36 ಇಂಚಿನ ಶೀಟು ಮಡಚಿದರೆ 12×18ರ ಎರಡು ಪುಟ ಆಗುತ್ತದೆ. ಗ್ರಾಹಕರಿಗೆ ‘80 ಪುಟ’ ಎಂದು ಹೇಳಿ ಡಿಸೈನರ್‌ಗೆ ‘80 ಶೀಟು’ ಎಂದು ಬರೆದರೆ ಖರ್ಚು ದುಪ್ಪಟ್ಟಾಗುತ್ತದೆ. ಎಲ್ಲ ಕಡೆ ಒಂದೇ ಪದ ಬಳಸಿ.

ಬರೀ ಶೀಟಿನ ದರ ಹೋಲಿಸಿದರೆ ಸಾಲದು. ಅದರಲ್ಲಿ ಏನೇನು ಸೇರಿದೆ ನೋಡಿ. ಬಣ್ಣ ತಿದ್ದುವುದು ಸೇರಿದೆಯೇ? ಕವರ್, ಬಾಕ್ಸ್, ಮಿನಿ ಬುಕ್ಕಿಗೆ ಬೇರೆ ದುಡ್ಡೇ? ಎಷ್ಟು ಸಲ ಕರೆಕ್ಷನ್ ಮಾಡಿಕೊಡುತ್ತಾರೆ? ಎರಡು ಸುತ್ತು ಉಚಿತ, ಆಮೇಲೆ ಶೀಟಿಗಿಷ್ಟು ಎಂದು ಗೊತ್ತು ಮಾಡಿಕೊಂಡರೆ ಇಬ್ಬರಿಗೂ ನ್ಯಾಯ. ಲೇಯರ್ ಇರುವ, ಅಂದರೆ ಆಮೇಲೂ ತಿದ್ದಬಹುದಾದ ಪಿಎಸ್‌ಡಿ ಫೈಲು ಕೊಡುತ್ತಾರೋ, ಬರೀ ಜೆಪೆಗ್ ಕೊಡುತ್ತಾರೋ ಎಂಬುದನ್ನೂ ಮೊದಲೇ ಕೇಳಿ. ನನ್ನ ಪ್ರಕಾರ ಸ್ವಲ್ಪ ಜಾಸ್ತಿ ಕೊಟ್ಟಾದರೂ ಪಿಎಸ್‌ಡಿ ತೆಗೆದುಕೊಳ್ಳುವುದು ಒಳ್ಳೆಯದು. ಕೊನೇ ಗಳಿಗೆಯಲ್ಲಿ ಒಂದು ಹೆಸರು ತಿದ್ದಲು ಮೂರು ದಿನ ಕಾಯುವುದು ತಪ್ಪುತ್ತದೆ. ಡಿಸೈನರ್‌ಗೆ ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿಗೆ ಸಾಮಾನ್ಯವಾಗಿ ಶೇ 18 ಸೇರುತ್ತದೆ. ಗ್ರಾಹಕರಿಗೆ ಕೊಟೇಶನ್ ಕೊಡುವಾಗ ಇದು ನೆನಪಿರಲಿ.

ಇನ್ನೊಂದು ಷರತ್ತನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಡಿಸೈನರ್ ಆ ಶೀಟುಗಳನ್ನು ತಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕಿಕೊಳ್ಳಬಹುದೇ? 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆಯವರಿಗಾಗಿ ಹಣ ಪಡೆದು ತೆಗೆದ ಫೋಟೊದ ಹಕ್ಕಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿಕೊಂಡವರೇ ಮೊದಲ ಒಡೆಯರು. ಅಂದರೆ ಒಪ್ಪಂದದಲ್ಲಿ ಬರೆದಿರದಿದ್ದರೆ ನಿಮಗೇ ಆ ಹಕ್ಕಿಲ್ಲ. ಇಲ್ಲದ ಹಕ್ಕನ್ನು ನೀವು ಡಿಸೈನರ್‌ಗೆ ಕೊಡಲೂ ಆಗುವುದಿಲ್ಲ. ಮನೆಯವರ ಒಪ್ಪಿಗೆ ಇಲ್ಲದೆ ಒಂದು ಫೋಟೊ ಕೂಡ ಹೊರಗೆ ಹೋಗಬಾರದು ಎಂದು ಸ್ಪಷ್ಟವಾಗಿ ಬರೆದುಕೊಳ್ಳಿ. ಹೆಣ್ಣುಮಕ್ಕಳ ಅರಿಶಿಣ ಶಾಸ್ತ್ರದ ಫೋಟೊಗಳು ಮನೆಯ ಒಳಗಿನವು. ಅವು ಎಲ್ಲೋ ಅಪರಿಚಿತರ ಪೇಜಿನಲ್ಲಿ ಕಾಣಿಸಿಕೊಂಡರೆ ಆ ಮನೆಯವರು ನಿಮ್ಮನ್ನು ಮತ್ತೆ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಫೋಟೊ ಆಯ್ಕೆ

ಇದು ಆಲ್ಬಂ ಕೆಲಸದ ಜೀವಾಳ. ಇದನ್ನು ಡಿಸೈನರ್‌ಗೆ ಬಿಡಬೇಡಿ. ‘ನೀವೇ ಆರಿಸಿಕೊಳ್ಳಿ ಸರ್’ ಎಂದು 4,000 ಫೋಟೊ ಕಳಿಸುವವರಿದ್ದಾರೆ. ಆಗ ಡಿಸೈನರ್ ಏನು ಮಾಡುತ್ತಾರೆ? ಚೆಂದ ಕಾಣುವವರನ್ನು ಆರಿಸುತ್ತಾರೆ. ಹುಡುಗನ ಸೋದರಮಾವ ಬಿಟ್ಟುಹೋಗುತ್ತಾರೆ, ಯಾರದೋ ಗೆಳತಿ ಮೂರು ಶೀಟಿನಲ್ಲಿ ಬರುತ್ತಾಳೆ.

ಶುರುವಿನಲ್ಲಿ ಕ್ಯಾಮೆರಾಗಳ ಗಡಿಯಾರ ಸರಿ ಮಾಡಿ. ಟ್ರೆಡಿಷನಲ್ (ನಿಲ್ಲಿಸಿ ತೆಗೆಯುವುದು) ಒಬ್ಬರು, ಕ್ಯಾಂಡಿಡ್ (ಸಹಜ ಕ್ಷಣ ಹಿಡಿಯುವುದು) ಒಬ್ಬರು ತೆಗೆದಿದ್ದರೆ ಇಬ್ಬರ ಕ್ಯಾಮೆರಾ ಸಮಯದಲ್ಲಿ ವ್ಯತ್ಯಾಸ ಇರುವುದು ಮಾಮೂಲು. ಮಾಂಗಲ್ಯ ಕಟ್ಟುವ ಕ್ಷಣ ಇಬ್ಬರಲ್ಲೂ ಇರುತ್ತದಲ್ವಾ? ಅದನ್ನೇ ಗುರುತಾಗಿಟ್ಟುಕೊಂಡು ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಒಂದು ಕ್ಯಾಮೆರಾದ ಸಮಯ ಹೊಂದಿಸಿ. ಆಮೇಲೆ ಸಮಯದ ಪ್ರಕಾರ ಜೋಡಿಸಿದರೆ ಇಡೀ ಮದುವೆ ತಾನಾಗಿ ಸಾಲಾಗಿ ನಿಲ್ಲುತ್ತದೆ.

ನಂತರ ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಒಂದೇ ಥರದ್ದು ತೆಗೆದು ಹಾಕಿ. ಉಳಿದದ್ದನ್ನು ಚಿಕ್ಕ ಗಾತ್ರದಲ್ಲಿ, ಫೈಲ್ ನಂಬರ್ ಕಾಣುವ ಹಾಗೆ ಮನೆಯವರಿಗೆ ಕೊಡಿ. ಇಷ್ಟು ದಿನದೊಳಗೆ ಆರಿಸಿ ಕೊಡಬೇಕು ಎಂದು ಬುಕಿಂಗ್ ಸಮಯದಲ್ಲೇ ಹೇಳಿರಬೇಕು. ಇಲ್ಲದಿದ್ದರೆ ಮಗುವಿನ ನಾಮಕರಣಕ್ಕೆ ನಿಮ್ಮನ್ನು ಕರೆಯುವವರೆಗೂ ಮದುವೆ ಫೋಟೊ ಆಯ್ಕೆ ಮುಗಿದಿರುವುದಿಲ್ಲ.

ಎಷ್ಟು ಫೋಟೊ ಬೇಕು? 40 ಶೀಟಿಗೆ 160ರಿಂದ 200 ಫೋಟೊ ಹಿಡಿಸುತ್ತದೆ. ಶೀಟಿಗೆ ನಾಲ್ಕೈದು. ನಮ್ಮ ಕಡೆ ಮನೆಯವರು 400 ಆರಿಸಿ ಕಳಿಸುತ್ತಾರೆ. ಅದಕ್ಕೆ ಕಾರಣವೂ ಇದೆ. ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಬಂದವರೆಲ್ಲ ಆಲ್ಬಂನಲ್ಲಿ ಇರಬೇಕು ಎಂಬುದು ಅವರ ಆಸೆ. ಅದನ್ನು ತಿರಸ್ಕರಿಸಬೇಡಿ. ಊರಿಂದ ಬಸ್ ಹತ್ತಿ ಬಂದವರು ಆಲ್ಬಂ ನೋಡುವಾಗ ತಮ್ಮ ಮುಖ ಹುಡುಕುತ್ತಾರೆ. ದಾರಿ ಇಷ್ಟೇ: ವೇದಿಕೆಯ ಫೋಟೊಗಳನ್ನು ಒಟ್ಟು ಮಾಡಿ, ಆರತಕ್ಷತೆಯ ಪಾಲಿನಲ್ಲೇ ಕೊನೆಯ ಎರಡು ಮೂರು ಶೀಟಿನಲ್ಲಿ ಒಂದೇ ಅಳತೆಯ ಚೌಕಗಳಾಗಿ ಇಡಿಸಿ. ತೀರಾ ಜಾಸ್ತಿ ಇದ್ದರೆ ಅದಕ್ಕೇ ಬೇರೆ ಚಿಕ್ಕ ಆಲ್ಬಂ ಮಾಡಿ. ಮುಹೂರ್ತದ ಶೀಟುಗಳಿಗೆ ಉಸಿರಾಡಲು ಜಾಗ ಸಿಗುತ್ತದೆ.

ಶಾಸ್ತ್ರಗಳ ಸಾಲು

ಒಂದು ಉದಾಹರಣೆ ಕೊಡುತ್ತೇನೆ. ಬೆಂಗಳೂರು, ಮೈಸೂರು, ಹಾಸನ, ಮಂಡ್ಯದ ಕಡೆ ಎಷ್ಟೋ ಮದುವೆಗಳಲ್ಲಿ ಹಿಂದಿನ ಸಂಜೆಯೇ ವರಪೂಜೆ, ಆರತಕ್ಷತೆ ನಡೆಯುತ್ತದೆ. ಮುಹೂರ್ತ ಮರುದಿನ ಬೆಳಿಗ್ಗೆ. ಬೇರೆ ರಾಜ್ಯದ ಡಿಸೈನರ್‌ಗೆ ಇದು ಗೊತ್ತಿರುವುದಿಲ್ಲ. ರಿಸೆಪ್ಶನ್ ಎಂದರೆ ಮದುವೆ ಆದಮೇಲೆ ಎಂದುಕೊಂಡು ಅದನ್ನು ಕೊನೆಗೆ ಹಾಕುತ್ತಾರೆ. ಆಲ್ಬಂ ತಿರುವಿ ಹಾಕುವ ಮನೆಯವರಿಗೆ ಏನೋ ತಪ್ಪಿದೆ ಅನ್ನಿಸುತ್ತದೆ. ಕೊರಳಲ್ಲಿ ತಾಳಿ ಇರುವ ಹುಡುಗಿ ಮುಂದಿನ ಪುಟದಲ್ಲಿ ತಾಳಿ ಇಲ್ಲದೆ ನಿಂತಿರುತ್ತಾಳೆ.

ಅದಕ್ಕೇ ಶಾಸ್ತ್ರಗಳ ಪಟ್ಟಿ ಬರೆದೇ ಕೊಡಬೇಕು. ಒಂದೊಂದು ಸಮುದಾಯದಲ್ಲಿ ಒಂದೊಂದು ರೀತಿ. ಕಾಶಿಯಾತ್ರೆ, ಅಂತರಪಟ, ಜೀರಿಗೆ-ಬೆಲ್ಲ, ಧಾರೆ, ಮಾಂಗಲ್ಯ, ಸಪ್ತಪದಿ, ಲಾಜಾಹೋಮ, ಅರುಂಧತಿ ದರ್ಶನ ಎಲ್ಲ ಮದುವೆಯಲ್ಲೂ ಇರುವುದಿಲ್ಲ. ಇದ್ದರೂ ಎಲ್ಲ ಕಡೆ ಅದೇ ಸಾಲಿನಲ್ಲಿ ಬರುವುದಿಲ್ಲ. ಉತ್ತರ ಕರ್ನಾಟಕದ ಸುರಗಿ ಶಾಸ್ತ್ರವನ್ನು ಅಲ್ಲಿ ನೋಡಿಲ್ಲದ ಡಿಸೈನರ್ ಬರೀ ಸ್ನಾನದ ಫೋಟೊ ಅಂದುಕೊಂಡು ಮೂಲೆಗೆ ಹಾಕಬಹುದು. ಕೊಡವರ ಮದುವೆಯಲ್ಲಿ ಹೋಮ ಇರುವುದಿಲ್ಲ. ಬಾಳೆ ಕಡಿಯುವುದು, ಗಂಗಾಪೂಜೆ ಅಲ್ಲಿ ದೊಡ್ಡ ಘಟ್ಟಗಳು. ‘ಹೋಮದ ಫೋಟೊ ಕಳಿಸಿಲ್ಲ ಸರ್’ ಎಂದು ಡಿಸೈನರ್ ಕೇಳಿದರೆ ಅವರ ತಪ್ಪಲ್ಲ, ನಿಮ್ಮ ಪಟ್ಟಿಯಲ್ಲಿ ಅದು ಬರೆದಿರಬೇಕಿತ್ತು. ನಿಮಗೇ ಸಂಶಯವಿದ್ದರೆ ಮನೆಯ ಹಿರಿಯರೊಬ್ಬರಿಗೆ ಫೋನ್ ಮಾಡಿ. ಹತ್ತು ನಿಮಿಷದಲ್ಲಿ ಎಲ್ಲ ಹೇಳುತ್ತಾರೆ, ಖುಷಿಯಿಂದಲೇ ಹೇಳುತ್ತಾರೆ.

ಪಟ್ಟಿಯ ಜೊತೆಗೆ ಯಾವುದಕ್ಕೆ ಎಷ್ಟು ಶೀಟು ಎಂದೂ ಬರೆಯಿರಿ. ಎರಡು ದಿನದ ಮದುವೆ, 40 ಶೀಟು ಎಂದಿಟ್ಟುಕೊಳ್ಳಿ. ಚಪ್ಪರ, ಅರಿಶಿಣ, ಬಳೆ ಶಾಸ್ತ್ರಕ್ಕೆ 6. ವರಪೂಜೆಗೆ 3. ಆರತಕ್ಷತೆಗೆ 8. ಮುಹೂರ್ತದ ಬೆಳಗಿಗೆ 14. ಎರಡೂ ಮನೆಯ ಗುಂಪು ಫೋಟೊಗೆ 4. ಊಟ, ಮಕ್ಕಳ ಆಟ, ಬಿಡಿ ಕ್ಷಣಗಳಿಗೆ 2. ಬೀಳ್ಕೊಡುಗೆ, ಮನೆ ತುಂಬಿಸುವುದಕ್ಕೆ 3. ಇದು ಬದಲಾಗಬಹುದು. ಆದರೆ ಇಂಥದ್ದೊಂದು ಲೆಕ್ಕ ಇಲ್ಲದಿದ್ದರೆ ಔಟ್‌ಡೋರ್ ಜೋಡಿ ಫೋಟೊಗಳು ಚೆಂದ ಇವೆ ಎಂದು ಅವೇ ಹನ್ನೆರಡು ಶೀಟು ತಿನ್ನುತ್ತವೆ, ಧಾರೆಗೆ ಒಂದೇ ಶೀಟು ಉಳಿಯುತ್ತದೆ.

ಫೈಲು ಸಿದ್ಧಪಡಿಸುವುದು

ಬಣ್ಣ ಯಾರು ತಿದ್ದಬೇಕು ಎಂಬುದು ಮೊದಲ ಪ್ರಶ್ನೆ. ನೀವೇ ತಿದ್ದಿ ಎನ್ನುತ್ತೇನೆ. ಆ ಸೀರೆ ಮಾವಿನ ಚಿಗುರಿನ ಬಣ್ಣದ್ದೋ ಗಿಳಿಹಸಿರೋ ನೋಡಿದವರಿಗೇ ಗೊತ್ತು. ವೇದಿಕೆಯ ಎಲ್‌ಇಡಿ ಬೆಳಕು ಮುಖವನ್ನು ನೇರಳೆ ಮಾಡಿರುತ್ತದೆ. ಅರಿಶಿಣ ಶಾಸ್ತ್ರದಲ್ಲಿ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಹಳದಿಯನ್ನು ತಣ್ಣಗೆ ಮಾಡಲು ಹೋಗಿ ಅರಿಶಿಣವೇ ಮಂಕಾಗಿರುತ್ತದೆ. ರಾ ಫೈಲಿನಿಂದ (ಕ್ಯಾಮೆರಾದ ಮೂಲ ಫೈಲು) ಇವನ್ನೆಲ್ಲ ಸರಿ ಮಾಡಿ, ಪೂರ್ತಿ ಗಾತ್ರದ ಜೆಪೆಗ್ ಮಾಡಿ, ಎಸ್‌ಆರ್‌ಜಿಬಿ ಎಂಬ ಬಣ್ಣದ ಪ್ರೊಫೈಲಿನಲ್ಲಿ ಕಳಿಸಿ. ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿದ ಫೈಲನ್ನು ಮುಂದೆ ಯಾರಾದರೂ ಪ್ರೊಫೈಲ್ ನೋಡದೆ ತೆರೆದರೆ ಬಣ್ಣ ಸಪ್ಪೆಯಾಗುತ್ತದೆ. ಪ್ರಿಂಟ್ ಕೈಗೆ ಬಂದಾಗಲೇ ಗೊತ್ತಾಗುವ ತಪ್ಪು ಇದು.

ಮಾನಿಟರಿನ ಬೆಳಕು ಕಡಿಮೆ ಮಾಡಿ ತಿದ್ದಿ. ಪೂರ್ತಿ ಬೆಳಕಿಟ್ಟ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಕಾಗದದ ಮೇಲೆ ಕಪ್ಪಾಗಿ ಬರುತ್ತದೆ. ಸಾಧ್ಯವಿದ್ದರೆ ಪರದೆಯ ಬಣ್ಣ ಸರಿಹೊಂದಿಸುವ ಕ್ಯಾಲಿಬ್ರೇಶನ್ ಸಾಧನ ಕೊಳ್ಳಿ ಅಥವಾ ಬಾಡಿಗೆಗೆ ತನ್ನಿ.

ಚರ್ಮದ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಹೇಳದಿದ್ದರೆ ಅನೇಕ ಡಿಸೈನರ್‌ಗಳು ಎಲ್ಲರನ್ನೂ ಬೆಳ್ಳಗೆ ಮಾಡಿಬಿಡುತ್ತಾರೆ. ಎಣ್ಣೆಗೆಂಪು, ಕಪ್ಪು ಮೈಬಣ್ಣದ ಹುಡುಗಿ ಆಲ್ಬಂನಲ್ಲಿ ಬೇರೆಯವಳೇ ಆಗುತ್ತಾಳೆ. ಮೊಡವೆ ತೆಗೆಯಿರಿ, ಬೆವರಿನ ಹೊಳಪು ಕಡಿಮೆ ಮಾಡಿ. ಬಣ್ಣ ಮುಟ್ಟಬೇಡಿ. ಇದನ್ನು ಬರೆದೇ ತಿಳಿಸಿ. ಎಐ ಸಾಧನಗಳ ವಿಷಯದಲ್ಲೂ ಅಷ್ಟೇ. ಹಿನ್ನೆಲೆಯ ಗೋಡೆ ಸ್ವಲ್ಪ ಉದ್ದ ಮಾಡಲು, ಬಿದ್ದಿರುವ ನೀರಿನ ಬಾಟಲಿ ಅಳಿಸಲು ಬಳಸಲಿ. ಮುಖ ಚುರುಕು ಮಾಡಲು ಹೋದರೆ ಕಣ್ಣು, ಹಲ್ಲು ಯಾರದ್ದೋ ಆಗಿಬಿಡುತ್ತವೆ. ತೀರಿಹೋದ ಮೇಲೆ ಆ ಅಜ್ಜನ ಮುಖ ಇರುವುದು ಈ ಆಲ್ಬಂನಲ್ಲಿ ಮಾತ್ರ ಎಂದಾಗ, ಆ ಮುಖ ಅವರದ್ದೇ ಆಗಿರಬೇಕು.

ಗಾತ್ರದ ಲೆಕ್ಕವನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಸಾಕು. 12×36 ಶೀಟು 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಅಂದರೆ 10,800×3,600 ಪಿಕ್ಸೆಲ್. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು ಸುಮಾರು 6,000×4,000. ಒಂದು ಪುಟಕ್ಕೆ, ಅಂದರೆ 18×12 ಇಂಚಿಗೆ, ಇದು ಕತ್ತರಿಸದೆಯೇ ಕೂರುತ್ತದೆ. ಎರಡರ ಅನುಪಾತವೂ 3:2. ಗುಣಮಟ್ಟವೂ 300 ದಾಟುತ್ತದೆ. ಅದೇ ಫೋಟೊವನ್ನು ಇಡೀ ಶೀಟಿಗೆ ಹಿಗ್ಗಿಸಿದರೆ 36 ಇಂಚಿಗೆ 6,000 ಪಿಕ್ಸೆಲ್, ಇಂಚಿಗೆ ಸುಮಾರು 167 ಮಾತ್ರ. ಮೇಲೆ ಕೆಳಗೆ ಸೇರಿ ಅರ್ಧ ಫೋಟೊ ಕತ್ತರಿಸಿಯೂ ಹೋಗುತ್ತದೆ. ಚೆನ್ನಾಗಿ ಫೋಕಸ್ ಆದ, ಕಡಿಮೆ ಐಎಸ್‌ಒದ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಫೋಟೊ ಇದನ್ನು ತಾಳುತ್ತದೆ. ರಾತ್ರಿ ಚಪ್ಪರದಡಿ 6400 ಐಎಸ್‌ಒದಲ್ಲಿ ತೆಗೆದದ್ದು ತಾಳುವುದಿಲ್ಲ. ಯಾವ ಫೋಟೊ ಪೂರ್ತಿ ಶೀಟಿಗೆ ಹೋಗಬಹುದು ಎಂದು ನೀವೇ ಗುರುತು ಮಾಡಿ ಕೊಡಿ.

ಫೋಲ್ಡರುಗಳನ್ನು ಶಾಸ್ತ್ರದ ಸಾಲಿನಲ್ಲೇ 01, 02, 03 ಎಂದು ನಂಬರ್ ಹಾಕಿ ಮಾಡಿ. ಫೈಲಿನ ಮೂಲ ಹೆಸರು ಬದಲಿಸಬೇಡಿ. ಕರೆಕ್ಷನ್ ಬಂದಾಗ ಅದೇ ನಂಬರ್ ಹಿಡಿದು ಹುಡುಕಬೇಕು. 200 ಫೋಟೊ ಎಂದರೆ ಸುಮಾರು 2 ಜಿಬಿ ಆಗಬಹುದು. ಗೂಗಲ್ ಡ್ರೈವಿನ ಉಚಿತ 15 ಜಿಬಿಯಲ್ಲಿ ಆರಾಮಾಗಿ ಹಿಡಿಸುತ್ತದೆ. ವಾಟ್ಸಾಪಿನಲ್ಲಿ ಸುಮ್ನೆ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ. ತುರ್ತಿಗೆ ಒಂದೆರಡು ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಎಂದು ಕಳಿಸಿ.

ಡಿಸೈನರ್‌ಗೆ ಬರೆಯುವ ಪತ್ರ

ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಫೋಟೊಗಳ ಜೊತೆಗೇ ಒಂದು ಬರಹ ಹೋಗಬೇಕು. ಹೆಚ್ಚೂಕಡಿಮೆ ಹೀಗಿದ್ದರೆ ಸಾಕು:

“ನಮಸ್ಕಾರ ಸರ್. ಇದು ಹುಡುಗಿ ಮನೆಯವರ ಆಲ್ಬಂ. 12×36, 40 ಶೀಟು, ನಾನ್ ಟಿಯರ್ (ಹರಿಯದ ಶೀಟು) ಮ್ಯಾಟ್ (ಹೊಳಪಿಲ್ಲದ್ದು). ಆರತಕ್ಷತೆ ಹಿಂದಿನ ಸಂಜೆ ಆಗಿದೆ, ಮುಹೂರ್ತದ ಮೊದಲು ಬರಬೇಕು. ಫೋಲ್ಡರ್ ನಂಬರ್ ಇದ್ದ ಹಾಗೇ ಸಾಲು ಇರಲಿ. ಹಿನ್ನೆಲೆ ಸರಳವಾಗಿರಲಿ, ಹೂವು, ಅರಮನೆ ಬೇಡ. ಯಾವ ಫೋಟೊವನ್ನೂ ಫ್ಲಿಪ್ (ಎಡ-ಬಲ ಅದಲುಬದಲು) ಮಾಡಬೇಡಿ. ಮೈಬಣ್ಣ ಬದಲಿಸಬೇಡಿ. ಮಾಂಗಲ್ಯದ ಫೋಟೊ ಕಪ್ಪು-ಬಿಳುಪು ಬೇಡ. ಗುಂಪು ಫೋಟೊದಲ್ಲಿ ಯಾರನ್ನೂ ಕತ್ತರಿಸಬೇಡಿ. ‘ಮುಖ್ಯ’ ಎಂಬ ಫೋಲ್ಡರಿನಲ್ಲಿ ಅಜ್ಜಿ, ತಾತ, ಸೋದರಮಾವ, ಹುಡುಗಿಯ ಅಕ್ಕ ಭಾವ ಇದ್ದಾರೆ. ಇವರು ಪ್ರತಿಯೊಬ್ಬರೂ ಒಂದು ಸಲವಾದರೂ ದೊಡ್ಡದಾಗಿ ಬರಬೇಕು. ಮೊದಲು ಐದು ಶೀಟು ಮಾಡಿ ತೋರಿಸಿ, ಒಪ್ಪಿಗೆ ಆದಮೇಲೆ ಮುಂದುವರಿಸಿ.”

ಕೊನೆಯ ವಾಕ್ಯ ತುಂಬಾ ಮುಖ್ಯ. 40 ಶೀಟು ಮುಗಿದಮೇಲೆ ಶೈಲಿ ಹಿಡಿಸಲಿಲ್ಲ ಎಂದರೆ ಇಬ್ಬರಿಗೂ ನಷ್ಟ. ಐದು ಶೀಟಿನಲ್ಲೇ ಎಲ್ಲ ಗೊತ್ತಾಗುತ್ತದೆ.

ಫ್ಲಿಪ್ ವಿಷಯ ಯಾಕೆ ಬರೆದೆ ಎಂದರೆ, ಶೀಟಿನಲ್ಲಿ ಇಬ್ಬರೂ ಒಳಮುಖವಾಗಿ ನೋಡಲಿ ಎಂದು ಡಿಸೈನರ್‌ಗಳು ಫೋಟೊ ತಿರುಗಿಸುವುದುಂಟು. ಆಗ ಎಡ ಭುಜದ ಸೆರಗು ಬಲಕ್ಕೆ ಹೋಗುತ್ತದೆ. ಬಲಗೈಯಲ್ಲಿ ಆಗುವ ಶಾಸ್ತ್ರ ಎಡಗೈಯಲ್ಲಿ ಆದಂತೆ ಕಾಣುತ್ತದೆ. ಹಿಂದಿನ ಬೋರ್ಡಿನ ಅಕ್ಷರ ಉಲ್ಟಾ ಆಗುತ್ತದೆ. ಹಿರಿಯರು ಇದನ್ನು ಮೊದಲ ನೋಟಕ್ಕೇ ಹಿಡಿಯುತ್ತಾರೆ. ಇನ್ನೊಂದು ಕಡೆ, ಕೊಡವ ಸೀರೆಯಲ್ಲಿ ಸೆರಗು ಬಲ ಭುಜದ ಮೇಲೆಯೇ ಇರುತ್ತದೆ. ಯಾರಾದರೂ ಅದನ್ನು ತಪ್ಪು ಎಂದುಕೊಂಡು ‘ಸರಿ’ ಮಾಡಿದರೆ ಕೆಡುತ್ತದೆ.

ಕನ್ನಡ ಅಕ್ಷರ

ಹೆಸರು ತಪ್ಪಾದ ಆಲ್ಬಂ ಎಷ್ಟು ಚೆಂದ ಇದ್ದರೂ ಮನೆಯವರ ಕಣ್ಣು ಅಲ್ಲಿಗೇ ಹೋಗುತ್ತದೆ. ಲಗ್ನಪತ್ರಿಕೆಯ ಫೋಟೊ ಕಳಿಸಿ, ಜೊತೆಗೆ ಹೆಸರು, ದಿನಾಂಕ, ಛತ್ರದ ಹೆಸರನ್ನು ಯುನಿಕೋಡಿನಲ್ಲಿ ಟೈಪ್ ಮಾಡಿ ಕಳಿಸಿ. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ.

ಯುನಿಕೋಡ್ ಅಕ್ಷರ ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ಸರಿಯಾಗಿ ಬರಬೇಕಾದರೆ ಪ್ರಿಫರೆನ್ಸಸ್‌ನ ಟೈಪ್ ಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಇರುವ ಆಯ್ಕೆ ಆನ್ ಆಗಿರಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಯಾಗಿ ನಿಲ್ಲುತ್ತದೆ. ಲಕ್ಷ್ಮಿ, ಕೃಷ್ಣ, ಐಶ್ವರ್ಯ ಇಂಥ ಹೆಸರುಗಳನ್ನು ಕನ್ನಡ ಓದಲು ಬಾರದ ಡಿಸೈನರ್ ಮುರಿದುಬಿಟ್ಟರೂ ಅವರಿಗೆ ಗೊತ್ತೇ ಆಗುವುದಿಲ್ಲ. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ವ್ಯಾಪಾರದ ಕೆಲಸಕ್ಕೂ ಬಳಸಬಹುದು. ಅಂದದ ಕನ್ನಡ ಅಕ್ಷರದಲ್ಲಿ ಬರೆದ ‘ಚಿ. ಸೌ.’, ‘ಚಿ. ರಾ.’ ಕವರಿನ ಮೇಲೆ ಇದ್ದರೆ ಅದರ ಗತ್ತೇ ಬೇರೆ. ಹುಡುಗಿ ಮನೆಗೆ ಹೋಗುವ ಪ್ರತಿಯಲ್ಲಿ ಅವಳ ಹೆಸರು ಮೊದಲು, ಹುಡುಗನ ಮನೆಯ ಪ್ರತಿಯಲ್ಲಿ ಅವನದ್ದು ಮೊದಲು ಬೇಕೇ ಎಂದು ಕೇಳಿ ತಿಳಿದುಕೊಳ್ಳಿ.

ಪ್ರೂಫ್ ನೋಡುವುದು

ಫೋನಿನಲ್ಲಿ ನೋಡಿ ‘ಸೂಪರ್ ಸರ್’ ಎಂದು ಕಳಿಸಿಬಿಡಬೇಡಿ. ದೊಡ್ಡ ಪರದೆಯಲ್ಲಿ, ಶೀಟಿನ ನಡುವೆ ಗೆರೆ ಇದೆ ಎಂದುಕೊಂಡು ನೋಡಿ. ಆ ಗೆರೆಯ ಮೇಲೆ ಯಾರ ಮುಖವೂ ಬರಬಾರದು. ಗೆರೆಯ ಎರಡೂ ಕಡೆ ಅರ್ಧ ಇಂಚು ಖಾಲಿ ಬಿಟ್ಟಿದ್ದರೆ ಒಳ್ಳೆಯದು. ಹೊರ ಅಂಚಿನಲ್ಲೂ ಅಷ್ಟೇ ಜಾಗ ಬಿಟ್ಟಿರಬೇಕು, ಕಟಿಂಗ್‌ನಲ್ಲಿ ಒಂದಿಷ್ಟು ಹೋಗುತ್ತದೆ. ಒಂದೇ ಫೋಟೊ ಎರಡು ಕಡೆ ಬಂದಿದೆಯೇ ನೋಡಿ. ನಿಮ್ಮ ‘ಮುಖ್ಯ’ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಟಿಕ್ ಮಾಡಿ. ಅಕ್ಷರಗಳನ್ನು ಬೇರೆಯವರಿಂದ ಓದಿಸಿ.

ನಿಮಗೆ ಸರಿ ಎನಿಸಿದ ಮೇಲೆ ಮನೆಯವರಿಗೆ ವಾಟರ್‌ಮಾರ್ಕ್ ಹಾಕಿದ ಚಿಕ್ಕ ಪಿಡಿಎಫ್ ಕಳಿಸಿ. ಡಿಸೈನರ್‌ನ ನಂಬರ್ ಅವರಿಗೆ ಕೊಡಬೇಡಿ, ಮಾತು ನಿಮ್ಮ ಮೂಲಕವೇ ಹೋಗಲಿ. ಮನೆಯಿಂದ ಒಬ್ಬರೇ ಮಾತಾಡಲಿ. ಹುಡುಗಿ ಒಂದು ಹೇಳಿ, ಅತ್ತೆ ಇನ್ನೊಂದು ಹೇಳಿ, ಭಾವ ಮತ್ತೊಂದು ಹೇಳಿದರೆ ಕರೆಕ್ಷನ್ ಮುಗಿಯುವುದೇ ಇಲ್ಲ. ಎಲ್ಲ ತಿದ್ದುಪಡಿಯೂ ಒಂದೇ ಪಟ್ಟಿಯಲ್ಲಿ, ಶೀಟ್ ನಂಬರ್ ಸಮೇತ ಬರಲಿ. ಕೊನೆಗೆ ‘ಪ್ರಿಂಟಿಗೆ ಕಳಿಸಬಹುದು’ ಎಂಬ ಮಾತು ಮೆಸೇಜಿನಲ್ಲಿ ಇರಬೇಕು, ಬರೀ ಬಾಯಲ್ಲಿ ಬೇಡ.

ಪ್ರಿಂಟಿಗೆ ಕಳಿಸುವುದು

ಲ್ಯಾಬ್ ಯಾವುದೆಂದು ಡಿಸೈನ್ ಶುರುವಾಗುವ ಮೊದಲೇ ಗೊತ್ತಿರಬೇಕು. ಒಂದೊಂದು ಲ್ಯಾಬಿನ ಅಳತೆ, ಬ್ಲೀಡ್ (ಕಟಿಂಗ್‌ಗೆಂದು ಅಂಚಿನಲ್ಲಿ ಬಿಡುವ ಹೆಚ್ಚುವರಿ ಭಾಗ), ಕವರಿನ ಗಾತ್ರ ಸ್ವಲ್ಪ ಬೇರೆ ಇರುತ್ತದೆ. ಅವರ ಅಳತೆ ಕೇಳಿ ಡಿಸೈನರ್‌ಗೆ ಕೊಡಿ. ಹೊಸ ಲ್ಯಾಬ್ ಆದರೆ ಎಲ್ಲ ಶೀಟನ್ನೂ ಒಮ್ಮೆಗೇ ಕಳಿಸಬೇಡಿ. ಅರಿಶಿಣದ್ದೊಂದು, ಮುಹೂರ್ತದ್ದೊಂದು, ರಾತ್ರಿಯ ಆರತಕ್ಷತೆಯದ್ದೊಂದು ಶೀಟು ಟೆಸ್ಟ್ ಪ್ರಿಂಟ್ ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ. ಗಾಢ ಕೆಂಪು, ಗಾಢ ಹಸಿರು ರೇಷ್ಮೆಯಲ್ಲಿ ನೆರಿಗೆಯ ಗೆರೆಗಳು ಉಳಿದಿವೆಯೇ ಎಂದು ಪರೀಕ್ಷಿಸಿ. ಅಲ್ಲೇ ಬಣ್ಣ ಒಂದೇ ಮುದ್ದೆಯಾಗುವುದು.

ಕಾಗದದ ವಿಷಯದಲ್ಲಿ ಮನೆ ಎಲ್ಲಿದೆ ಎಂದು ಯೋಚಿಸಿ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಗ್ಲಾಸಿ ಶೀಟುಗಳು ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳಬಹುದು. ಅಲ್ಲಿಗೆ ಮ್ಯಾಟ್ ಅಥವಾ ನಾನ್ ಟಿಯರ್ ಶೀಟೇ ಒಳ್ಳೆಯದು. ಬೆರಳಿನ ಗುರುತೂ ಮ್ಯಾಟ್‌ನಲ್ಲಿ ಕಡಿಮೆ ಕಾಣುತ್ತದೆ. ಬಾಕ್ಸಿನಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೀರುವಿನ ತಳದಲ್ಲಿ ಇಡಬೇಡಿ ಎಂದು ಮನೆಯವರಿಗೆ ಹೇಳಿ.

ಆಲ್ಬಂ ಬಂದ ಮೇಲೆ ಕೊಡುವ ಮುಂಚೆ ಪ್ರತಿ ಶೀಟು ತಿರುವಿ ನೋಡಿ. ಸಾಲು ತಪ್ಪಿದ್ದು, ಗೀರು, ಅಂಟು ಬಿಟ್ಟಿದ್ದು ಅಂಗಡಿಯಲ್ಲೇ ಗೊತ್ತಾದರೆ ಲ್ಯಾಬಿಗೆ ವಾಪಸ್ ಕಳಿಸಬಹುದು. ಡಿಸೈನರ್‌ಗೆ ಉಳಿದ ಹಣವನ್ನು ಒಪ್ಪಿದ ದಿನವೇ ಕೊಟ್ಟುಬಿಡಿ. ಗ್ರಾಹಕರಿಂದ ದುಡ್ಡು ಬರಲಿ ಎಂದು ಅವರನ್ನು ಕಾಯಿಸುವುದು ನ್ಯಾಯವಲ್ಲ. ಅವರ ಶೀಟು ಮುಗಿದಿದೆ. ಕೊನೆಯ ಜೆಪೆಗ್, ಪಿಎಸ್‌ಡಿ, ಆಯ್ಕೆಯ ಪಟ್ಟಿ, ಲಗ್ನಪತ್ರಿಕೆಯ ಫೋಟೊ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಹಾಕಿ, ಮದುವೆಯ ದಿನಾಂಕ ಬರೆದು, ಎರಡು ಬೇರೆ ಬೇರೆ ಡಿಸ್ಕಿನಲ್ಲಿಡಿ. ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂಬುದನ್ನು ಆಲ್ಬಂ ಕೈಗೆ ಕೊಡುವಾಗಲೇ ಮನೆಯವರಿಗೆ ತಿಳಿಸಿ, ಅವರ ಪೆನ್ ಡ್ರೈವಿಗೂ ಒಂದು ಪ್ರತಿ ಹಾಕಿಕೊಡಿ.